ಭಾಷೆಯ ನಕ್ಷೆಯಲ್ಲಿ ಕನ್ನಡದ ಚುಕ್ಕೆ

ಜಗತ್ತಿನಲ್ಲಿ ಹೆಚ್ಚುಕಮ್ಮಿ ಏಳು ಸಾವಿರ ಭಾಷೆಗಳಿವೆ. ಅಷ್ಟನ್ನೂ ಎದುರಿಗಿಟ್ಟುಕೊಂಡು ಹೋಲಿಸುವುದು ಯಾರಿಗೂ ಆಗುವ ಕೆಲಸವಲ್ಲ. ಹಾಗಾಗಿ ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಭಾಷೆಗಳ ಜಾಗತಿಕ ಅಟ್ಲಾಸ್ ಕಟ್ಟಲು ಹೊರಟವರು ನೂರು ಭಾಷೆಗಳ ಒಂದು ಪಟ್ಟಿ ಮಾಡಿದರು. ಅಧ್ಯಾಯ ಬರೆಯುವವರು ಬೇರೆ ಏನೇ ನೋಡಲಿ, ಈ ನೂರನ್ನು ಮಾತ್ರ ಬಿಡಬಾರದು ಎಂಬುದು ಅವರ ಕೋರಿಕೆ. ಭಾರತದಿಂದ ಆ ಪಟ್ಟಿಗೆ ಸೇರಿದವು ಮೂರು: ಹಿಂದಿ, ಮಣಿಪುರದ ಮೈತೇಯಿ, ಮತ್ತು ಕನ್ನಡ. ದ್ರಾವಿಡ ಬಳಗದಿಂದ ಕನ್ನಡವೊಂದೇ. ತಮಿಳೂ ಇಲ್ಲ, ತೆಲುಗೂ ಇಲ್ಲ.

ಹಿಗ್ಗಬೇಕೆನಿಸಿದರೆ ಹಿಗ್ಗಬಹುದು; ಆದರೆ ಇದು ಶ್ರೇಷ್ಠತೆಯ ಪಟ್ಟವೇನಲ್ಲ. ಬೇರೆ ಬೇರೆ ಭಾಷಾ ಕುಟುಂಬಗಳಿಗೆ ಪ್ರಾತಿನಿಧ್ಯ ಸಿಗಬೇಕು, ಆ ಭಾಷೆಯ ಬಗ್ಗೆ ನಂಬಬಹುದಾದ ವ್ಯಾಕರಣವೊಂದು ಸಿಗುವಂತಿರಬೇಕು, ಅಷ್ಟೇ. ಅಟ್ಲಾಸಿನಲ್ಲಿ ಕನ್ನಡದ ಪುಟ ತೆರೆದರೆ ಮತ್ತೆ ಮತ್ತೆ ಎದುರಾಗುವ ಆಕರ ಎಸ್.ಎನ್. ಶ್ರೀಧರ್ ಅವರು 1990ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣ.

‘ವರ್ಲ್ಡ್ ಅಟ್ಲಾಸ್ ಆಫ್ ಲ್ಯಾಂಗ್ವೇಜ್ ಸ್ಟ್ರಕ್ಚರ್ಸ್’ ಎಂಬುದು ಇದರ ಪೂರ್ತಿ ಹೆಸರು. ಬಲ್ಲವರು ಚುಟುಕಾಗಿ ‘ವಾಲ್ಸ್’ ಎನ್ನುತ್ತಾರೆ. 2005ರಲ್ಲಿ ದಪ್ಪ ಪುಸ್ತಕವಾಗಿ ಬಂದದ್ದು 2008ರಲ್ಲಿ ಅಂತರಜಾಲಕ್ಕೆ ಏರಿತು. ಈಗ ಕಾಸು ಕೊಡದೆ, ಹೆಸರು ನೋಂದಾಯಿಸದೆ ಯಾರು ಬೇಕಾದರೂ ತೆರೆಯಬಹುದು. ಒಳಗೆ ಹೋದರೆ ಸಿಗುವುದು ಪ್ರಶ್ನೆಗಳು. ಕ್ರಿಯಾಪದ ವಾಕ್ಯದ ಎಲ್ಲಿ ಬರುತ್ತದೆ? ಗುಣವಾಚಕ ನಾಮಪದದ ಹಿಂದೋ ಮುಂದೋ? ಪ್ರತಿ ಪ್ರಶ್ನೆಗೂ ಒಂದು ನಕ್ಷೆ, ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು, ಪಕ್ಕದಲ್ಲಿ ಕೆಲವು ಪುಟಗಳ ವಿವರಣೆ. ಕನ್ನಡದ ಚುಕ್ಕೆ ಇರುವುದು ಚಿತ್ರದುರ್ಗದ ಆಸುಪಾಸಿನಲ್ಲಿ. ಧಾರವಾಡ, ಕುಂದಾಪುರ, ಕಲಬುರಗಿ, ಚಾಮರಾಜನಗರದ ಕನ್ನಡಗಳೆಲ್ಲ ಆ ಒಂದು ಚುಕ್ಕೆಯಲ್ಲೇ ಅಡಗಿರಬೇಕು. ಇಂಥ ಅಟ್ಲಾಸುಗಳ ದೊಡ್ಡ ಕೊರತೆಯೂ ಅದೇ.

ಬಳಸುವುದು ಹೇಗೆಂದು ಒಂದೆರಡು ಉದಾಹರಣೆಯಲ್ಲಿ ನೋಡೋಣ. ಪದಗಳ ಕ್ರಮದ ನಕ್ಷೆ ತೆಗೆಯಿರಿ. ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ‘ನಮ್ಮದು ತಿರುಗುಮುರುಗು’ ಎಂದು ಕೇಳಿ ಬೆಳೆದವರು ನಾವು. ನಕ್ಷೆಯಲ್ಲಿರುವ 1,300ಕ್ಕೂ ಹೆಚ್ಚು ಭಾಷೆಗಳಲ್ಲಿ ನಮ್ಮ ಹಾಗೆ ಕರ್ತೃ, ಕರ್ಮ, ಕ್ರಿಯೆ ಎಂಬ ಸಾಲಿನಲ್ಲಿ ನಿಲ್ಲುವವು 560ಕ್ಕೂ ಮೇಲೆ. ಇಂಗ್ಲಿಷಿನ ಕ್ರಮದವು ಅದಕ್ಕಿಂತ ಕಡಿಮೆ. ನಿಜಕ್ಕೂ ಅಪರೂಪದ್ದು ಬೇಕೆಂದರೆ ಬ್ರೆಜಿಲಿನ ಹಿಷ್ಕರ್ಯಾನ ಇದೆ. ಅಲ್ಲಿ ಕರ್ಮ ಮೊದಲು, ಕರ್ತೃ ಕೊನೆಗೆ. ಅಂಥ ಭಾಷೆಗಳು ಈ ನಕ್ಷೆಯಲ್ಲಿ ಹನ್ನೊಂದೇ.

ಇನ್ನೊಂದು ನಕ್ಷೆ ‘ನಾವು’ ಎಂಬುದರ ಕುರಿತು. ಕೇಳುವವರನ್ನೂ ಸೇರಿಸಿಕೊಂಡ ‘ನಾವು’, ಅವರನ್ನು ಬಿಟ್ಟ ‘ನಾವು’ ಎಂದು ಎರಡು ಬಗೆ ಇದೆಯೇ ಎಂದು ಅದು ಕೇಳುತ್ತದೆ. ತುಳುವರಿಗೆ ‘ನಮ’ ಬೇರೆ, ‘ಎಂಕುಲು’ ಬೇರೆ. ತೆಲುಗರಿಗೆ ‘ಮನಮು’, ‘ಮೇಮು’. ತಮಿಳಿನಲ್ಲೂ ಎರಡುಂಟು. ಸುತ್ತಮುತ್ತಲಿನವರೆಲ್ಲ ಉಳಿಸಿಕೊಂಡ ಭೇದ ಇಂದಿನ ಕನ್ನಡದಲ್ಲಿಲ್ಲ. ಕನ್ನಡದೊಳಗೇ ಕೂತು ಕನ್ನಡವನ್ನು ನೋಡಿದರೆ ಇದು ಕಣ್ಣಿಗೆ ಬೀಳುವುದು ಕಷ್ಟ.

ಈ ಅಟ್ಲಾಸಿಗೆ ಬರೆದವರಲ್ಲಿ ನಮ್ಮವರೊಬ್ಬರಿದ್ದಾರೆ ಎಂಬುದು ಕರ್ನಾಟಕದಲ್ಲಿ ಅಷ್ಟಾಗಿ ಮಾತಿಗೆ ಬಂದಿಲ್ಲ. 43ನೇ ಅಧ್ಯಾಯ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರದ್ದು. ‘ಅವನು’, ‘ಅವಳು’ ಎಂಬ ಸರ್ವನಾಮಗಳಿಗೂ ‘ಆ’, ‘ಈ’ ಎಂದು ತೋರಿಸುವ ಪದಗಳಿಗೂ ನಂಟಿದೆಯೇ ಎಂಬುದು ಅದರ ವಿಷಯ. ಕನ್ನಡಿಗರಿಗೆ ಇದು ಅಂಗೈ ನೆಲ್ಲಿ: ಅವನು, ಇವನು, ಅದು, ಇದು. ಭಟ್ಟರು ಇನ್ನೂರಕ್ಕೂ ಹೆಚ್ಚು ಭಾಷೆಗಳನ್ನು ಜಾಲಾಡಿ, ಅರ್ಧಕ್ಕಿಂತ ಹೆಚ್ಚು ಭಾಷೆಗಳಲ್ಲಿ ಒಂದಲ್ಲ ಒಂದು ಬಗೆಯ ನಂಟಿದೆ ಎಂದು ತೋರಿಸಿದರು. ಅವರೆಂದರೆ ಇಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಹಾಪ್ರಾಣದ ಜಗಳ ಮಾತ್ರ. ಓದುವುದೂ ಬರೆಯುವುದೂ ಸುಲಭವಾಗಲು ಬರಹದಿಂದ ಮಹಾಪ್ರಾಣ ತೆಗೆಯೋಣ, ಹೇಗೂ ಬಹುಪಾಲು ಕನ್ನಡಿಗರು ಅದನ್ನು ಉಚ್ಚರಿಸುವುದಿಲ್ಲ ಎಂದರು ಭಟ್ಟರು. ಉಚ್ಚರಿಸುತ್ತೇವೆ ಎಂದರು ಎದುರಾಳಿಗಳು.

ಬರಹದ ಮಾತು ಹಾಗಿರಲಿ, ಉಚ್ಚಾರದ ಮಾತನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದ ‘ಪ್ರಾತ್’ ಎಂಬ ತಂತ್ರಾಂಶವಿದೆ, ಉಚಿತ. ಜಗತ್ತಿನ ಧ್ವನಿವಿಜ್ಞಾನಿಗಳು ದಿನವೂ ಬಳಸುವುದು ಇದನ್ನೇ. ಮೊಬೈಲಿನಲ್ಲಿ ‘ಕತೆ’, ‘ಕಥೆ’ ಎಂದು ಹೇಳಿ ರೆಕಾರ್ಡ್ ಮಾಡಿ, ಕಡತವನ್ನು ಅದರಲ್ಲಿ ತೆರೆಯಿರಿ. ದನಿ ಅಲೆಯಾಗಿ ಕಾಣುತ್ತದೆ. ನಾಲಿಗೆ ಹಲ್ಲನ್ನು ಬಿಟ್ಟ ಗಳಿಗೆ ಒಂದು ಸಣ್ಣ ಗೀಟು. ಅದರಾಚೆ ‘ಎ’ಕಾರದ ದಟ್ಟ ಅಲೆಗಳು. ನಿಮ್ಮದು ನಿಜವಾಗಿ ಮಹಾಪ್ರಾಣವಾದರೆ ಇವೆರಡರ ನಡುವೆ ಉಸಿರಿನ ಮಸುಕು ಪಟ್ಟಿಯೊಂದು ಕಾಣಬೇಕು, ಮಿಲಿಸೆಕೆಂಡುಗಳಲ್ಲಿ ಅಳೆಯಲೂ ಬರಬೇಕು. ಒಂದು ಎಚ್ಚರಿಕೆ: ಪದಗಳನ್ನು ಬರೆದಿಟ್ಟುಕೊಂಡು ಓದಿದರೆ ಎಲ್ಲರೂ ಮೇಷ್ಟರ ಮುಂದೆ ನಿಂತವರಂತೆ ಶುದ್ಧವಾಗಿ ಮಾತಾಡಿಬಿಡುತ್ತಾರೆ. ಹರಟೆಯ ನಡುವೆ ಸಿಕ್ಕಿದ ‘ಕಥೆ’ಯೇ ಸಾಕ್ಷಿ.

ಪದಗಳ ಮೂಲ ಕೆದಕುವವರಿಗೆ ಬೇರೆ ದಾರಿ. ಮರ್ರೆ ಎಮೆನೊ ಮತ್ತು ಥಾಮಸ್ ಬರೊ ಸೇರಿ ಮಾಡಿದ ದ್ರಾವಿಡ ವ್ಯುತ್ಪತ್ತಿ ಕೋಶ 1961ರಲ್ಲಿ ಬಂತು, ಪರಿಷ್ಕೃತ ಆವೃತ್ತಿ 1984ರಲ್ಲಿ. ಎಮೆನೊ ಕೆನಡಾದವರು, 1930ರ ದಶಕದಲ್ಲಿ ನೀಲಗಿರಿ, ಕೊಡಗುಗಳಲ್ಲಿ ಓಡಾಡಿ ತೋಡ, ಕೋತ, ಕೊಡವ ನುಡಿಗಳನ್ನು ಬರೆದುಕೊಂಡವರು, ನೂರೊಂದು ವರ್ಷ ಬದುಕಿದವರು. ಬರೊ ಆಕ್ಸ್‌ಫರ್ಡಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಒಂದು ಕಾಲಕ್ಕೆ ಈ ಕೋಶ ನೋಡಲು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಬೇಕಿತ್ತು. ಈಗ ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯ ಅದನ್ನು ಹುಡುಕಲು ಬರುವಂತೆ ಇಟ್ಟಿದೆ.

ಪುಸ್ತಕದಲ್ಲಿ ಹುಡುಕುವುದು ಕನ್ನಡಿಗರಿಗೆ ಕೊಂಚ ಫಜೀತಿ. ಮೊದಲು ನಿಲ್ಲುವುದು ತಮಿಳು ರೂಪ, ಆದ್ದರಿಂದ ‘ಹಾಲು’ ಬೇಕಾದವರು ‘ಪ’ಕಾರಕ್ಕೆ ಹೋಗಬೇಕು. ಹಳಗನ್ನಡ ಓದಿದವರಿಗೆ ಪಾಲ್ ಹಾಲಾದದ್ದು ಗೊತ್ತು. ಉಳಿದವರು ಕೊನೆಯಲ್ಲಿರುವ ಕನ್ನಡ ಪದಸೂಚಿಯನ್ನು ನೆಚ್ಚಬೇಕಿತ್ತು. ಆನ್‌ಲೈನಿನಲ್ಲಿ ಆ ತೊಂದರೆಯಿಲ್ಲ. ಕನ್ನಡ ರೂಪವನ್ನು ರೋಮನ್ ಅಕ್ಷರದಲ್ಲಿ ಕೊಟ್ಟರೂ ಸಾಕು.

‘ನೀರು’ ತೆಗೆದು ನೋಡಿ. ತಮಿಳು, ಮಲಯಾಳದಿಂದ ಶುರುವಾಗಿ ತೋಡ, ಕನ್ನಡ, ಕೊಡವ, ತುಳು, ತೆಲುಗು ದಾಟಿ ಸಾಲು ಉತ್ತರಕ್ಕೆ ನಡೆಯುತ್ತದೆ. ಮಹಾರಾಷ್ಟ್ರದ ಕಡೆಯ ಕೊಲಾಮಿಯಲ್ಲಿ ಮುಂದಿನ ‘ನ’ ಬಿದ್ದುಹೋಗಿ ‘ಈರ್’. ಕೊನೆಗೆ ಬಲೂಚಿಸ್ತಾನದ ಬ್ರಾಹೂಈಯಲ್ಲಿ ‘ದೀರ್’. ಇಷ್ಟೆಲ್ಲ ಪೇರಿಸಿಟ್ಟ ಇಬ್ಬರೂ ಎಲ್ಲಕ್ಕೂ ಹಿಂದಿನ ಮೂಲರೂಪ ಹೀಗಿತ್ತು ಎಂದು ಕೋಶದಲ್ಲಿ ಬರೆಯಲಿಲ್ಲ. ಸಿಕ್ಕಿದ್ದನ್ನು ಸಾಲಾಗಿಟ್ಟು ಸುಮ್ಮನಾದರು. ಸಿಕ್ಕ ಸಿಕ್ಕ ಪದಕ್ಕೆಲ್ಲ ಕ್ಷಣದಲ್ಲಿ ಮೂಲ ಹೇಳಿಬಿಡುವ ವಾಟ್ಸ್ಯಾಪ್ ಪಂಡಿತರ ಕಾಲದಲ್ಲಿ ಈ ಸಂಯಮ ದೊಡ್ಡದಾಗಿ ಕಾಣುತ್ತದೆ. ಸಂಸ್ಕೃತ, ಪ್ರಾಕೃತಗಳಿಂದ ಬಂದ ಪದಗಳನ್ನು ಹುಡುಕುವವರಿಗೆ ಅದೇ ಷಿಕಾಗೊ ತಾಣದಲ್ಲಿ ಟರ್ನರ್ ಅವರ ಇಂಡೋ-ಆರ್ಯನ್ ಕೋಶವಿದೆ. ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಗಾಗಿ ನೂರು ವರ್ಷದ ಹಿಂದೆ ಗ್ರಾಮಾಫೋನಿಗೆ ತುಂಬಿದ ದನಿಗಳೂ ಅಲ್ಲಿ ಕೇಳಸಿಗುತ್ತವೆ. ಬೈಬಲಿನ ತಪ್ಪಿಹೋದ ಮಗನ ಕಥೆಯನ್ನು ಭಾಷೆ ಭಾಷೆಯಲ್ಲೂ ಹೇಳಿಸಿದ್ದಾರೆ.

ಕನ್ನಡದ ಅರ್ಥಕೋಶಗಳಿಗೆ ಬಂದರೆ, ಬಾಸೆಲ್ ಮಿಷನ್ನಿನ ಕಿಟ್ಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನ ಸ್ಕ್ಯಾನ್ ಪ್ರತಿ ಸುಲಭವಾಗಿ ಇಳಿಸಿಕೊಳ್ಳಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ರಾಜ್ಯ ಸರ್ಕಾರದ ‘ಪದಕಣಜ’ ಹಲವು ಕೋಶಗಳನ್ನು ಒಂದೆಡೆ ತಂದಿವೆ. ನನಗೆ ಹೆಚ್ಚು ಹಿಡಿಸಿದ್ದು ‘ಅಲರ್’. ವಿ. ಕೃಷ್ಣ ಎಂಬುವರು ಒಬ್ಬರೇ ಸುಮಾರು ನಾಲ್ಕು ದಶಕ ಕೂತು ಒಂದೂವರೆ ಲಕ್ಷ ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಜೆರೋಧಾ ಕಂಪನಿಯ ಕೈಲಾಶ್ ನಾಧ್ ಅದಕ್ಕೆ ತಂತ್ರಾಂಶ ಹೆಣೆದು 2019ರಲ್ಲಿ ಜಾಲಕ್ಕೆ ತಂದರು. ಕಾಗುಣಿತ ಹೆಚ್ಚುಕಮ್ಮಿಯಾದರೂ ಉಚ್ಚಾರ ಹಿಡಿದು ಪದ ಹುಡುಕಿಕೊಡುವ ಜಾಣತನ ಅದಕ್ಕಿದೆ. ಇಡೀ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಸಾರ್ವಜನಿಕರ ಹಣದಲ್ಲಿ ತಯಾರಾದ ಎಲ್ಲ ಕೋಶಗಳಿಗೂ ಈ ನಿಯಮ ಅನ್ವಯವಾಗಬೇಕಿತ್ತು.

ಭಾಷಾವಿಜ್ಞಾನವನ್ನು ಮೊದಲಿನಿಂದ ಕಲಿಯಬೇಕೆನ್ನುವವರಿಗೆ ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಜಾಲದಲ್ಲಿ ಬಿಟ್ಟಿದೆ, ಉಚಿತ ಪಠ್ಯಪುಸ್ತಕಗಳೂ ಇವೆ. ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಎಂ.ಎ. ಓದುವ ವಿದ್ಯಾರ್ಥಿಗೆ, ಪಿಯು ಕಾಲೇಜಿನ ಕನ್ನಡ ಮೇಷ್ಟರಿಗೆ ಇಲ್ಲೇ ಬಾಗಿಲು ಅರ್ಧ ಮುಚ್ಚುತ್ತದೆ. ವಾಲ್ಸ್‌ನ ವಿಷಯದಲ್ಲಾದರೂ ಅಡ್ಡಿ ಕಾನೂನಿನದಲ್ಲ. ಮೂಲ ಯಾರದೆಂದು ಹೇಳಿದರೆ ಸಾಕು, ಅದರ ಬರಹವನ್ನು ಅನುವಾದಿಸಿ ಪ್ರಕಟಿಸಲು ಯಾರ ಅನುಮತಿಯೂ ಬೇಡ. ಭಟ್ಟರ ಅಧ್ಯಾಯ ಕೆಲವೇ ಪುಟಗಳದ್ದು. ಒಂದು ಕನ್ನಡ ವಿಭಾಗದ ತರಗತಿ ಒಂದೆರಡು ವಾರದಲ್ಲಿ ಮುಗಿಸಬಹುದಾದ ಕೆಲಸ.