ಕೋವಿಯ ಕಾನೂನು ಮತ್ತು ರಾಜ್ಯಪಾಲರ ಅಂಕಿತ

ಕಾಡಂಚಿನ ನಮ್ಮ ಹಳ್ಳಿಗಳಲ್ಲಿ ಕಾರ್ತೀಕ ಮಾಸ ಬಂತೆಂದರೆ ಗಂಡಸರಿಗೆ ರಾತ್ರಿಯ ನಿದ್ರೆ ಇಲ್ಲ. ರಾಗಿಯ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ಇಳಿಯುತ್ತದೆ, ಆನೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಾಗರಹೊಳೆಯ ಅಂಚಿಗೆ ಇರುವವರೆಲ್ಲರಿಗೂ ಇದು ಗೊತ್ತಿರುವ ಸಂಗತಿ. ಕೃಷ್ಣರಾಜನಗರದ ಕಾಲುವೆ ಬಯಲಿನಿಂದ ಬರುವ ನನ್ನ ಸಹಪಾಠಿಗಳು ಇದನ್ನು ಹೆಚ್ಚಾಗಿ ಕೇಳಿ ಬಲ್ಲರು.

ನನ್ನ ದೊಡ್ಡಪ್ಪನವರ ಬಳಿ ಬೆಳೆಯ ರಕ್ಷಣೆಗೆಂದು ಲೈಸೆನ್ಸು ಪಡೆದ ಒಂದು ಕೇಪಿನ ಕೋವಿ ಉಂಟು. ಅದರಿಂದ ಅವರು ಇದುವರೆಗೆ ಒಂದು ಮೃಗವನ್ನೂ ಕೊಂದವರಲ್ಲ. ಅಟ್ಟಣೆಯ ಮೇಲಿಂದ ಆಕಾಶಕ್ಕೆ ಹಾರಿಸಿದಾಗ ಆಗುವ ಸದ್ದೇ ಅವರಿಗೆ ಬೇಕಾದುದು. ಒಂದು ವರ್ಷ ಲೈಸೆನ್ಸಿನ ಅವಧಿ ಮುಗಿದು, ನವೀಕರಣ ತಡವಾಗಿ, ಕೋವಿ ಪೊಲೀಸ್ ಠಾಣೆಯಲ್ಲಿಯೇ ಉಳಿಯಿತು. ಆ ಸಲ ಕಣಕ್ಕೆ ಬಂದ ರಾಗಿ ಮನೆಯ ಊಟಕ್ಕೆ ನಾಲ್ಕು ತಿಂಗಳೂ ಆಗಲಿಲ್ಲ. ಮುಂದೆ ವಿಧಾನಸಭೆಯ ಚುನಾವಣೆ ಬಂದಾಗ ಮತ ಕೇಳಲು ಬಂದವರೊಬ್ಬರಿಗೆ ದೊಡ್ಡಪ್ಪನವರು, "ಈ ಕೋವಿ ಕಾನೂನು ಸ್ವಲ್ಪ ಸಡಿಲ ಮಾಡಿಸ್ಕೊಡಿ ಸ್ವಾಮಿ, ಓಟು ನಿಮಗೇಯ" ಎಂದು ಕೇಳಿದರು. "ಆಗಲಿ ಯಜಮಾನ್ರೇ, ಮಾಡಿಸಾಣ" ಎಂದು ಅವರೂ ಒಪ್ಪಿಕೊಂಡರು.

ಆ ಮಾತು ನಡೆಸಲಾಗದ ಮಾತೆಂಬುದು ರಾಜ್ಯಶಾಸ್ತ್ರವನ್ನು ಓದಿದ ಮೇಲೆ ನನಗೆ ತಿಳಿಯಿತು. ಕೇಳಿದವರಿಗಾಗಲಿ, ಬಹುಶಃ ಕೊಟ್ಟವರಿಗಾಗಲಿ ಅದು ತಿಳಿದಿರಲಿಲ್ಲ. ಕೋವಿಯ ಕಾನೂನನ್ನು ಮಾಡುವವರು ಯಾರು, ಶಾಸಕರು ಮಾಡಿದ ಕಾನೂನನ್ನು ರಾಜ್ಯಪಾಲರು ತಡೆದರೆ ಮುಂದೇನು ಎಂಬುದನ್ನು ನಮ್ಮಂಥ ಊರುಗಳಿಂದ ಬಂದವರು ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಬರೆದಿದ್ದೇನೆ. ಮೊದಲಿಗೆ, ಇಂಥ ಕಾನೂನನ್ನು ರಾಜ್ಯದ ಶಾಸಕರೇ ಮಾಡುವ ದೇಶವೊಂದನ್ನು ನೋಡೋಣ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಂದೂಕನ್ನು ಹೊಂದುವುದು ಸಂವಿಧಾನವೇ ಒಪ್ಪಿಕೊಂಡ ಹಕ್ಕು. ೧೭೯೧ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ಅದು ಅಡಗಿದೆ. ಕೇಂದ್ರದ ಕೆಲವು ಕಾನೂನುಗಳ ಜೊತೆಗೆ ಪ್ರತಿಯೊಂದು ರಾಜ್ಯವೂ ತನ್ನದೇ ಬಂದೂಕಿನ ಕಾನೂನನ್ನು ಮಾಡಿಕೊಳ್ಳಬಹುದು. ಅಲ್ಲಿನ ಗವರ್ನರು ನಮ್ಮಲ್ಲಿಯಂತೆ ನೇಮಕವಾದವರಲ್ಲ, ಜನರಿಂದ ಆರಿಸಿ ಬಂದವರು. ಶಾಸನಸಭೆ ಕಳುಹಿಸಿದ ಮಸೂದೆಯನ್ನು ಅವರು ಒಪ್ಪದೆ ಹಿಂದಿರುಗಿಸಬಹುದು. ಇದಕ್ಕೆ ವೀಟೋ ಎಂದು ಹೆಸರು. ಆದರೆ ಸಭೆಯೂ ಅದನ್ನು ವಿಶೇಷ ಬಹುಮತದಿಂದ ಮೀರಬಹುದು.

ಉತ್ತರ ಕೆರೋಲಿನ ರಾಜ್ಯದಲ್ಲಿ ನಡೆದುದು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಪಿಸ್ತೂಲನ್ನು ಕೊಳ್ಳಬೇಕಾದರೆ ಆಯಾ ಕೌಂಟಿಯ ಷೆರೀಫರಿಂದ ಅನುಮತಿಪತ್ರ ಪಡೆಯಬೇಕೆಂಬ ಕಾನೂನು ೧೯೧೯ರಿಂದ ಇದ್ದಿತು. ಅದನ್ನು ತೆಗೆದುಹಾಕುವ ಮಸೂದೆಯನ್ನು ಸಭೆಗಳು ೨೦೨೩ರಲ್ಲಿ ಅಂಗೀಕರಿಸಿದವು. ಕೇಂದ್ರದ ತಪಾಸಣೆಯೇ ಸಾಕು, ಹಳೆಯ ಕಾನೂನು ಕರಿಯರಿಗೆ ಅನುಮತಿ ನಿರಾಕರಿಸಲು ಬಳಕೆಯಾಗಿತ್ತು ಎಂಬುದು ಮಸೂದೆಯ ಪರವಾದ ವಾದ. ಖಾಸಗಿಯಾಗಿ ಮಾರಾಟವಾಗುವ ಪಿಸ್ತೂಲಿಗೆ ಕೇಂದ್ರದ ತಪಾಸಣೆ ಇಲ್ಲ, ಹೆಂಡತಿ ಮಕ್ಕಳನ್ನು ಹೊಡೆಯುವವನ ಕೈಗೆ ಅದು ಸುಲಭವಾಗಿ ಸಿಗುತ್ತದೆ ಎಂಬುದು ವಿರೋಧದ ವಾದ. ಗವರ್ನರ್ ರಾಯ್ ಕೂಪರ್ ಅವರು ವೀಟೋ ಹಾಕಿದರು. ಮಾರ್ಚ್ ೨೮ರಂದು ಮೇಲ್ಮನೆಯೂ ೨೯ರಂದು ಕೆಳಮನೆಯೂ ಅದನ್ನು ಮೀರಿದವು.

ಅಲ್ಲಿಯ ಲೆಕ್ಕವನ್ನು ಗಮನಿಸಬೇಕು. ವೀಟೋವನ್ನು ಮೀರಲು ಹಾಜರಿದ್ದು ಮತ ಹಾಕಿದವರಲ್ಲಿ ಐದರಲ್ಲಿ ಮೂರು ಪಾಲು ಬೇಕು. ಕೆಳಮನೆಯಲ್ಲಿ ಸದಸ್ಯರು ೧೨೦. ಅಂದು ಮತ ಹಾಕಿದವರು ೧೧೭. ಪರವಾಗಿ ೭೧, ವಿರೋಧವಾಗಿ ೪೬. ೧೧೭ರಲ್ಲಿ ಐದರಲ್ಲಿ ಮೂರು ಪಾಲೆಂದರೆ ೭೦ಕ್ಕೆ ಸ್ವಲ್ಪ ಹೆಚ್ಚು. ಆದುದರಿಂದ ೭೧ ಮತ ಸರಿಯಾಗಿ ಸಾಕಾಯಿತು. ಬಾರದೆ ಉಳಿದ ಮೂವರೂ ಬಂದು ವಿರೋಧವಾಗಿ ಮತ ಹಾಕಿದ್ದರೆ ೭೨ ಬೇಕಾಗುತ್ತಿತ್ತು, ವೀಟೋ ಉಳಿಯುತ್ತಿತ್ತು. ನೂರು ವರ್ಷಕ್ಕೂ ಹೆಚ್ಚು ನಡೆದು ಬಂದ ಕಾನೂನೊಂದು ಮೂವರ ಗೈರುಹಾಜರಿಯಿಂದ ಹೋಯಿತೆಂದರೂ ತಪ್ಪಿಲ್ಲ.

ಅಲ್ಲಿ ಇನ್ನೊಂದು ನಿಯಮವೂ ಉಂಟು. ಸಭೆ ನಡೆಯುತ್ತಿರುವಾಗ ಗವರ್ನರು ಹತ್ತು ದಿನಗಳೊಳಗೆ ಸಹಿ ಮಾಡಬೇಕು, ಇಲ್ಲವೆ ವೀಟೋ ಹಾಕಬೇಕು. ಎರಡನ್ನೂ ಮಾಡದೆ ಸುಮ್ಮನಿದ್ದರೆ ಮಸೂದೆ ಸಹಿಯಿಲ್ಲದೆಯೇ ಕಾನೂನಾಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರಪಟ್ಟಿ, ರಾಜ್ಯಪಟ್ಟಿ ಮತ್ತು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಆಯುಧಗಳು, ಬಂದೂಕುಗಳು, ಮದ್ದುಗುಂಡುಗಳು ಕೇಂದ್ರಪಟ್ಟಿಯ ಐದನೆಯ ಬಾಬು. ಆದುದರಿಂದ ನಮ್ಮ ಇಡೀ ವಿಧಾನಸಭೆ ಒಮ್ಮತದಿಂದ ಕೈಯೆತ್ತಿದರೂ ಕೋವಿಯ ಕಾನೂನಿನ ಒಂದಕ್ಷರವೂ ಬದಲಾಗುವುದಿಲ್ಲ. ಇಂದು ನಡೆಯುತ್ತಿರುವುದು ಪಾರ್ಲಿಮೆಂಟು ಮಾಡಿದ ೧೯೫೯ರ ಆಯುಧ ಅಧಿನಿಯಮ. ಅದಕ್ಕಿಂತ ಮುಂಚೆ ಇದ್ದುದು ೧೮೭೮ರಲ್ಲಿ ಬ್ರಿಟಿಷರು ಮಾಡಿದ ಕಾನೂನು. ನಮ್ಮಲ್ಲಿ ಕೋವಿ ಹಕ್ಕಲ್ಲ. ಕಾರಣ ತೋರಿಸಿ ಪಡೆಯಬೇಕಾದ ಅನುಮತಿ.

ದೊಡ್ಡಪ್ಪನವರ ಮೊದಲ ಪ್ರಶ್ನೆಗೆ ಇದೇ ಉತ್ತರ. ಆದರೆ ಜಮೀನು, ನೀರು, ಬೇಸಾಯ, ಲೇವಾದೇವಿ ಇವೆಲ್ಲ ರಾಜ್ಯಪಟ್ಟಿಯಲ್ಲಿವೆ. ಇವುಗಳ ಮೇಲೆ ನಮ್ಮ ಶಾಸಕರು ಮಾಡಿದ ಮಸೂದೆಯನ್ನು ರಾಜ್ಯಪಾಲರು ತಡೆದರೆ ಏನು ದಾರಿ?

ಸಂವಿಧಾನದ ೨೦೦ನೆಯ ಅನುಚ್ಛೇದ ಇದಕ್ಕೆ ಉತ್ತರ ಹೇಳುತ್ತದೆ. ಉಭಯ ಸದನಗಳು ಅಂಗೀಕರಿಸಿದ ಮಸೂದೆಗೆ ರಾಜ್ಯಪಾಲರು ಅಂಕಿತ ಹಾಕಬಹುದು, ಅಂಕಿತವನ್ನು ತಡೆಹಿಡಿಯಬಹುದು, ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಹಣಕಾಸು ಮಸೂದೆಯಲ್ಲದಿದ್ದರೆ, ಮರುಪರಿಶೀಲಿಸಿರೆಂದು ಸಂದೇಶ ಬರೆದು "ಸಾಧ್ಯವಾದಷ್ಟು ಬೇಗ" ಹಿಂದಿರುಗಿಸಬಹುದು. ಸದನಗಳು ಅದನ್ನು ತಿದ್ದಿಯಾಗಲಿ ತಿದ್ದದೆಯಾಗಲಿ ಮತ್ತೆ ಅಂಗೀಕರಿಸಿ ಕಳುಹಿಸಿದರೆ, ಆಗ ರಾಜ್ಯಪಾಲರು ಅಂಕಿತವನ್ನು ತಡೆಹಿಡಿಯುವಂತಿಲ್ಲ.

ಇಲ್ಲೊಂದು ವಿಶೇಷವಿದೆ. ಅಮೆರಿಕದ ಆ ರಾಜ್ಯದಲ್ಲಿ ಐದರಲ್ಲಿ ಮೂರು ಪಾಲು ಮತ ಬೇಕಾದ ಕಡೆ ನಮ್ಮಲ್ಲಿ ಸಾಮಾನ್ಯ ಬಹುಮತವೇ ಸಾಕು. ಹಾಗಾದರೆ ಕಾಗದದ ಮೇಲೆ ನಮ್ಮ ಶಾಸಕರ ಕೈಯೇ ಬಲವಾದುದು. ಇದು ಸಹಜವೂ ಹೌದು. ಅಲ್ಲಿ ಗವರ್ನರರನ್ನೂ ಜನ ಆರಿಸಿದ್ದಾರೆ. ಇಲ್ಲಿ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿಗಳು. ೧೯೩೫ರ ಭಾರತ ಸರ್ಕಾರದ ಅಧಿನಿಯಮದಲ್ಲಿ ಗವರ್ನರರು "ತಮ್ಮ ವಿವೇಚನೆಯಂತೆ" ಅಂಕಿತ ಹಾಕಬಹುದೆಂಬ ಮಾತಿತ್ತು. ಸಂವಿಧಾನವನ್ನು ಬರೆದವರು ಅದನ್ನು ಇಲ್ಲಿ ಉಳಿಸಿಕೊಳ್ಳಲಿಲ್ಲ.

ಆದರೂ ತೊಡಕು ತಪ್ಪಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಉಂಟಲ್ಲವೆ? ಹಿಂದಿರುಗಿಸಿದ ಮಸೂದೆಗೆ ಮರುಮತದಿಂದ ಉತ್ತರ ಹೇಳಬಹುದು. ಹಿಂದಿರುಗಿಸದೆ ಇಟ್ಟುಕೊಂಡ ಮಸೂದೆಗೆ ಏನು ಉತ್ತರ? ಅಮೆರಿಕದ ಹತ್ತು ದಿನದಂತೆ ನಮ್ಮ ಸಂವಿಧಾನದಲ್ಲಿ ಗಡುವಿಲ್ಲ. "ಸಾಧ್ಯವಾದಷ್ಟು ಬೇಗ" ಎಂಬುದು ಎಷ್ಟು ದಿನ ಎಂಬುದೇ ವಿವಾದವಾಯಿತು.

ನೆರೆಯ ತಮಿಳುನಾಡಿನಲ್ಲಿ ಅದು ನ್ಯಾಯಾಲಯದವರೆಗೆ ಹೋಯಿತು. ೨೦೨೩ರ ನವೆಂಬರ್ ೧೩ರಂದು ಅಲ್ಲಿಯ ರಾಜ್ಯಪಾಲ ಆರ್.ಎನ್. ರವಿಯವರು ಹತ್ತು ಮಸೂದೆಗಳಿಗೆ ಅಂಕಿತವನ್ನು ತಡೆಹಿಡಿದರು. ಅವುಗಳಲ್ಲಿ ಬಹುಪಾಲು ವಿಶ್ವವಿದ್ಯಾನಿಲಯಗಳಿಗೆ ಸಂಬಂಧಿಸಿದವು. ನವೆಂಬರ್ ೧೮ರಂದು ವಿಧಾನಸಭೆ ವಿಶೇಷವಾಗಿ ಸೇರಿ ಹತ್ತನ್ನೂ ಮತ್ತೆ ಅಂಗೀಕರಿಸಿತು. ರಾಜ್ಯಪಾಲರು ಅವನ್ನು ನವೆಂಬರ್ ೨೮ರಂದು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ೨೦೨೫ರ ಏಪ್ರಿಲ್ ೮ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ ಇದು ತಪ್ಪೆಂದು ಹೇಳಿ, ಆ ಹತ್ತು ಮಸೂದೆಗಳಿಗೂ ಅಂಕಿತ ಬಿದ್ದಿದೆಯೆಂದೇ ತಿಳಿಯಬೇಕೆಂದು ತೀರ್ಪಿತ್ತಿತು. ರಾಜ್ಯಪಾಲರಿಗೆ ಗಡುವುಗಳನ್ನೂ ಗೊತ್ತುಮಾಡಿತು. ಅನಂತರ ರಾಷ್ಟ್ರಪತಿಗಳು ಈ ವಿಷಯದಲ್ಲಿ ೧೪ ಪ್ರಶ್ನೆಗಳನ್ನು ಕೋರ್ಟಿಗೆ ಕಳುಹಿಸಿದರು. ಐವರು ನ್ಯಾಯಾಧೀಶರ ಪೀಠ ೨೦೨೫ರ ನವೆಂಬರ್ ೨೦ರಂದು ಅಭಿಪ್ರಾಯ ಹೇಳಿತು. ಅದರ ಸಾರ ಇಷ್ಟು: ಸಂವಿಧಾನದಲ್ಲಿಲ್ಲದ ಗಡುವನ್ನು ನ್ಯಾಯಾಲಯ ಹಾಕಲಾರದು, ಅಂಕಿತ ಬಿದ್ದಿದೆಯೆಂದು ಭಾವಿಸುವುದೂ ಸಲ್ಲದು, ಆದರೆ ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸದೆ ಸುಮ್ಮನೆ ತಡೆದಿಡುವಂತಿಲ್ಲ, ಕಾರಣವಿಲ್ಲದೆ ಬಹುಕಾಲ ಏನನ್ನೂ ಮಾಡದಿದ್ದರೆ, ತೀರ್ಮಾನವೊಂದನ್ನು ಮಾಡಿರೆಂದು ನ್ಯಾಯಾಲಯ ಹೇಳಬಹುದು.

ಎಲ್ಲ ಭಿನ್ನಾಭಿಪ್ರಾಯವೂ ಹೀಗೆ ಬೆಳೆಯಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಸರ್ಕಾರ ಸುಗ್ರೀವಾಜ್ಞೆಯೊಂದನ್ನು ಸಿದ್ಧಪಡಿಸಿದಾಗ, ಹತ್ತು ವರ್ಷದವರೆಗಿನ ಸೆರೆಮನೆವಾಸ ಮತ್ತು ೫ ಲಕ್ಷ ರೂಪಾಯಿಯ ದಂಡ ಅತಿಯಾಯಿತೆಂದು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ೨೦೨೫ರ ಫೆಬ್ರವರಿಯಲ್ಲಿ ಅದನ್ನು ಹಿಂದಿರುಗಿಸಿದರು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳುಹಿಸಿತು. ಅದೇ ತಿಂಗಳ ೧೨ರಂದು ಅಂಕಿತ ಬಿತ್ತು. ವಾರದ ಸಾಲದ ಕಂತಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆಯೆಂಬುದನ್ನು ಬಲ್ಲವರಿಗೆ ಆ ಕೆಲವು ದಿನಗಳ ಬೆಲೆ ತಿಳಿದೀತು.

ರಾಷ್ಟ್ರಪತಿಗಳಿಗೆ ಕಾಯ್ದಿರಿಸುವುದೆಲ್ಲ ಅಡ್ಡಿಯೆಂದೂ ತಿಳಿಯಬಾರದು. ಹುಣಸೂರಿನಿಂದ ಆರಿಸಿ ಬಂದು ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ಕಾಲದಲ್ಲಿ, ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯೂ ರಾಷ್ಟ್ರಪತಿಗಳ ಅಂಕಿತ ಪಡೆದೇ ಬಂದುದು. ಕಾಡುಪ್ರಾಣಿಗಳ ರಕ್ಷಣೆಯ ವಿಷಯವೂ ಇಂಥದೇ. ಅದು ಮೊದಲು ರಾಜ್ಯಪಟ್ಟಿಯಲ್ಲಿತ್ತು. ೧೯೭೬ರ ೪೨ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಹೆಗ್ಗಡದೇವನಕೋಟೆಯಿಂದ ಬಾವಲಿ ದಾಟಿದರೆ ಸಿಗುವ ಕೇರಳದಲ್ಲಿ, ಜನರ ಮೇಲೆ ಬೀಳುವ ಕಾಡುಪ್ರಾಣಿಗಳ ವಿಷಯದಲ್ಲಿ ಬೇಗನೆ ಕ್ರಮ ಕೈಗೊಳ್ಳಲು ಕೇಂದ್ರದ ವನ್ಯಜೀವಿ ಕಾನೂನಿಗೆ ತಿದ್ದುಪಡಿ ತರುವ ಮಸೂದೆಯನ್ನು ವಿಧಾನಸಭೆ ೨೦೨೫ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಕೇಂದ್ರದ ಕಾನೂನಿಗೆ ವಿರುದ್ಧವಾಗುವ ಇಂಥ ರಾಜ್ಯದ ಕಾನೂನು ನಿಲ್ಲಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕೇ ಬೇಕು. ಅವರ ಮುಂದೆ ಶಾಸಕರ ಮರುಮತಕ್ಕೂ ಬಲವಿಲ್ಲ. ಎರಡನೆಯ ಸಲ ಅಂಗೀಕರಿಸಿ ಕಳುಹಿಸಿದರೂ ರಾಷ್ಟ್ರಪತಿಗಳು ಅಂಕಿತ ಹಾಕಲೇಬೇಕೆಂದು ೨೦೧ನೆಯ ಅನುಚ್ಛೇದ ಹೇಳುವುದಿಲ್ಲ.

ಹೀಗಿರುವಲ್ಲಿ ಕೋವಿಯವರು ಯಾವ ಬಾಗಿಲನ್ನು ತಟ್ಟಬೇಕು? ಆಯುಧ ಅಧಿನಿಯಮದ ೧೩ನೆಯ ಪ್ರಕರಣದಲ್ಲಿ, ನಿಜವಾದ ಬೆಳೆರಕ್ಷಣೆಗೆ ಮದ್ದು ತುಂಬುವ ಕೋವಿಯ ಲೈಸೆನ್ಸು ಕೊಡಬೇಕೆಂದು ಸ್ಪಷ್ಟವಾಗಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಕೇಳಿದವರಿಗೆ ಸಾಮಾನ್ಯವಾಗಿ ಅದನ್ನು ತಿಳಿಸಬೇಕು. ೧೮ನೆಯ ಪ್ರಕರಣದಂತೆ ಮೇಲ್ಮನವಿಗೂ ಅವಕಾಶವಿದೆ. ೨೦೧೯ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಇವೆಲ್ಲ ಈಗಲೇ ಇರುವ ಅನುಕೂಲಗಳು. ಇವುಗಳಿಗೆ ಯಾವ ಹೊಸ ಕಾನೂನೂ ಬೇಡ.

ಕಾನೂನೇ ಬದಲಾಗಬೇಕೆನ್ನುವವರು ದೆಹಲಿಯ ಕಡೆ ನೋಡಬೇಕು. ಪಿರಿಯಾಪಟ್ಟಣದ ಗಡಿಯಾಚೆ ಕೊಡಗಿನಲ್ಲಿ, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಉಂಟು. ೧೮೬೧ರಲ್ಲಿ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಆರಂಭವಾದ ಈ ವಿನಾಯಿತಿಯನ್ನು ೪೧ನೆಯ ಪ್ರಕರಣದ ಕೆಳಗೆ ಈಚೆಗೆ ವಿಸ್ತರಿಸಿದುದು ಕೇಂದ್ರ ಸರ್ಕಾರ, ೨೦೧೯ರಲ್ಲಿ, ಹತ್ತು ವರ್ಷದ ಮಟ್ಟಿಗೆ. ೨೦೨೧ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂಥ ವಿನಾಯಿತಿ ನಮಗೂ ಬೇಕೆಂದು ನಾನು ಹೇಳುವುದಿಲ್ಲ. ಮನೆಮನೆಯಲ್ಲಿ ಕೋವಿ ಇದ್ದರೆ ಬೆಳೆ ಉಳಿಯಬಹುದು. ಅಣ್ಣತಮ್ಮಂದಿರ ಗದ್ದೆಯ ಬದುವಿನ ಜಗಳಕ್ಕೂ ಅದೇ ಕೋವಿ ಬಂದೀತು. ಆದರೆ ಕೇಳುವವರು ಎಲ್ಲಿ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳು ಲೋಕಸಭೆಗೆ ಮೂರು ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಹುಣಸೂರು, ಪಿರಿಯಾಪಟ್ಟಣ ಕೊಡಗಿನೊಂದಿಗೆ ಮೈಸೂರು ಕ್ಷೇತ್ರಕ್ಕೆ, ಹೆಗ್ಗಡದೇವನಕೋಟೆ ಚಾಮರಾಜನಗರಕ್ಕೆ, ಕೃಷ್ಣರಾಜನಗರ ಮಂಡ್ಯಕ್ಕೆ. ಕೋವಿಯ ಮಾತನ್ನು ಕೇಳಬೇಕಾದುದು ಆ ಮೂವರನ್ನು, ಲೋಕಸಭೆಯ ಚುನಾವಣೆಯಲ್ಲಿ.

ಕಳೆದ ರಜೆಯಲ್ಲಿ ಇದನ್ನೆಲ್ಲ ದೊಡ್ಡಪ್ಪನವರಿಗೆ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, "ಹಂಗಾರೆ ಇಷ್ಟು ವರ್ಷ ಬ್ಯಾರೆಯವರ ಮನೆ ಬಾಗ್ಲು ತಟ್ಟಿವ್ನಿ ಅನ್ನು" ಎಂದರು. ಅನಂತರ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಲೈಸೆನ್ಸಿನ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಅವಧಿ ಮುಗಿಯಲು ಇನ್ನೂ ಕೆಲವು ತಿಂಗಳಿದ್ದವು. ನವೀಕರಣದ ಅರ್ಜಿಯನ್ನು ಆ ದಿನವೇ ಕುಳಿತು ಬರೆದೆವು.