ನಗರದಂಚಿನ ನೀರಾವರಿ ಜಮೀನು: ಮಾರುವ ಮುನ್ನ

ಬೆಂಗಳೂರು ಸುತ್ತಲಿನ ದೇವನಹಳ್ಳಿ, ಹೊಸಕೋಟೆ, ಆನೇಕಲ್ ತಾಲ್ಲೂಕುಗಳ ನೀರಾವರಿ ಹಿಡುವಳಿಯಲ್ಲಿ ರಾಗಿ, ತರಕಾರಿ, ದ್ರಾಕ್ಷಿ, ಹಿಪ್ಪುನೇರಳೆ ಎಲ್ಲವನ್ನೂ ಬೆಳೆಯಬಹುದು. ಒಂದರ ಧಾರಣೆ ಕುಸಿದರೆ ಮತ್ತೊಂದು ಕೈಹಿಡಿಯುತ್ತದೆ. ಬೆಲೆ ಕಟ್ಟುವಾಗ ಈ ಗುಣವನ್ನು ಮರೆಯಬಾರದು.

2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ.

ಒಂದು ಭಾಗವನ್ನಷ್ಟೇ ಮಾರುವುದಾದರೆ 11-ಇ ನಕ್ಷೆ ಬೇಕು. ಕೊಳವೆ ಬಾವಿ, ಗಾಡಿದಾರಿ ಯಾವ ಭಾಗಕ್ಕೆ ಸೇರಬೇಕೆಂದು ಮೊದಲೇ ನಿರ್ಧರಿಸಬೇಕು. ಬಾವಿ ಕೊಂಡವರ ಪಾಲಾದರೆ ರೈತನಿಗೆ ಉಳಿಯುವುದು ಬರೀ ಖುಷ್ಕಿ.

ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದ ಎಲ್ಲೆಯಿಂದ ನೇರ ಅಳತೆಯಲ್ಲಿ 8 ಕಿ.ಮೀ. ಒಳಗಿನ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆ ಉಂಟು. ಹಿಂದಿನ ಎರಡು ವರ್ಷ ಸ್ವತಃ ಸಾಗುವಳಿ ಮಾಡಿದ್ದು, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ, ಅದಕ್ಕೆ ತೊಡಗಿಸಿದ ಹಣದ ಮಟ್ಟಿಗೆ ವಿನಾಯಿತಿ ದೊರೆಯುತ್ತದೆ.

ಆದುದರಿಂದ ಮುಂದೆ ಕೊಳ್ಳಲಿರುವ ಜಮೀನಿನ ಮಣ್ಣು, ನೀರು ಪರೀಕ್ಷಿಸಿದ ಮೇಲೆಯೇ ಮಾರಾಟದ ಕರಾರಿಗೆ ಸಹಿ ಹಾಕುವುದು ಲೇಸು.