ಹಿಂಭಾರದ ಕಾರು, ಮುಂದಾಲೋಚನೆಯ ಕಾಲು

ವೇಗವಾಗಿ ತಿರುವಿಗೆ ಹೊಕ್ಕವನಿಗೆ ದಿಗಿಲಾದರೆ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಎಂಜಿನ್ ಮುಂದಿರುವ ಮಾಮೂಲಿ ಕಾರಿನಲ್ಲಿ ಇದರಿಂದ ದೊಡ್ಡ ಅನಾಹುತವಾಗುವುದು ಕಡಿಮೆ. 1960ರ ದಶಕದ ಪೋರ್ಷೆ 911ರಲ್ಲಿ ಹಾಗಿರಲಿಲ್ಲ. ತಿರುವಿನ ನಡುವೆ ಥಟ್ಟನೆ ಕಾಲೆತ್ತಿದರೆ ಹಿಂಭಾಗ ಹೊರಕ್ಕೆ ಜಾರಿ, ಚಾಲಕ ಸಾವರಿಸಿಕೊಳ್ಳುವ ಮೊದಲೇ ಕಾರು ಬಂದ ದಾರಿಗೆ ಮುಖಮಾಡಿ ನಿಂತುಬಿಡಬಹುದಿತ್ತು.

ಆ ಕಾರು ಇಂದಿಗೂ ತಯಾರಾಗುತ್ತಿದೆ. ಎಂಜಿನ್ ಇಂದಿಗೂ ಹಿಂದಿನ ಗಾಲಿಗಳ ಆಚೆಗೇ ಇದೆ. ಆದರೆ ಅಂದು ಚಾಲಕರು ಅಂಜುತ್ತಿದ್ದ ಕಾರನ್ನು ಇಂದು ನೆಚ್ಚಿ ಓಡಿಸುತ್ತಾರೆ. ನಡುವಿನ ಅರವತ್ತು ವರ್ಷಗಳಲ್ಲಿ ನಡೆದದ್ದು ಬಹುಮಟ್ಟಿಗೆ ಟೈರಿನ ಕಥೆ. ಟೈರಿನ ಮಿತಿಯನ್ನು ಅರಿತು ಓಡಿಸಲು ಕಲಿತವರ ಕಥೆ.

ಭಾರ ಹಿಂದೆ ಬಿದ್ದದ್ದು

ಈ ಕಾರು ಮೊದಲು ಕಾಣಿಸಿಕೊಂಡದ್ದು 1963ರ ಸೆಪ್ಟೆಂಬರ್‌ನಲ್ಲಿ, ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ. ಆಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ರೂಪ ಕೊಟ್ಟವರು ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಗಾಳಿಯಿಂದಲೇ ತಂಪಾಗುವ ಆರು ಸಿಲಿಂಡರುಗಳ 2 ಲೀಟರ್ ಎಂಜಿನ್, 130 ಅಶ್ವಶಕ್ತಿ. ಎಂಜಿನ್ನನ್ನು ಹಿಂದಿಡುವುದು ಆ ಮನೆತನದ ರೂಢಿ. ಅವರ ಅಜ್ಜ ರೂಪಿಸಿದ ಫೋಕ್ಸ್‌ವ್ಯಾಗನ್ ಬೀಟಲ್ ಹಾಗಿತ್ತು, ಅದರ ಬೆನ್ನಿಗೆ ಬಂದ ಪೋರ್ಷೆ 356 ಕೂಡ ಹಾಗೆಯೇ ಇತ್ತು.

ಇದರಲ್ಲಿ ಲಾಭ ಉಂಟು. ಕಾರನ್ನು ತಳ್ಳುವ ಹಿಂದಿನ ಗಾಲಿಗಳ ಮೇಲೆ ಎಂಜಿನ್ನಿನ ಭಾರ ಬೀಳುವುದರಿಂದ ಅವು ನೆಲವನ್ನು ಬಲವಾಗಿ ಹಿಡಿಯುತ್ತವೆ. ತಿರುವು ಮುಗಿದೊಡನೆ ಕಾರು ಚಿಮ್ಮುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದರೂ ಹಿಂದೆ ಸಾಕಷ್ಟು ಉಳಿದಿರುತ್ತದೆ, ಹಾಗಾಗಿ ನಾಲ್ಕೂ ಗಾಲಿಗಳು ಕೆಲಸ ಹಂಚಿಕೊಳ್ಳುತ್ತವೆ. ತೊಂದರೆ ಇನ್ನೊಂದು ಕಡೆ. ಹಿಂಭಾರವಾಗಿ ಹೇರಿದ ಎತ್ತಿನ ಗಾಡಿಯಲ್ಲಿ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುವಂತೆ ಇಲ್ಲಿ ಮೂತಿ ಹಗುರ. ಒಟ್ಟು ತೂಕದ ಸುಮಾರು ಐದರಲ್ಲಿ ಮೂರು ಪಾಲು ಹಿಂದೆಯೇ ಇತ್ತು.

ತಿರುವಿನಲ್ಲಿ ಇದು ಎರಡು ಬಗೆಯಾಗಿ ಕಾಡುತ್ತಿತ್ತು. ಆಕ್ಸಿಲರೇಟರ್ ಒತ್ತಿಯೇ ಹೊಕ್ಕರೆ ಹಗುರಾದ ಮುಂದಿನ ಗಾಲಿಗಳು ಹಿಡಿತ ಸಾಲದೆ ಕಾರನ್ನು ಹೊರಗಿನ ಅಂಚಿಗೆ ಒಯ್ಯುತ್ತಿದ್ದವು. ಅದಕ್ಕೆ ಹೆದರಿ ಕಾಲೆತ್ತಿದರೆ ಭಾರ ಒಮ್ಮೆಲೇ ಮುಂದಕ್ಕೆ ಸರಿಯುತ್ತಿತ್ತು. ಮುಂದಿನ ಟೈರುಗಳು ಕಚ್ಚಿ ಹಿಡಿಯುತ್ತಿದ್ದವು, ಹಿಂದಿನವು ಸಡಿಲಾಗುತ್ತಿದ್ದವು, ತುದಿಯಲ್ಲಿ ತೂಗುತ್ತಿದ್ದ ಎಂಜಿನ್ ಹಿಂಭಾಗವನ್ನು ಹೊರಕ್ಕೆ ಎಳೆಯುತ್ತಿತ್ತು. ಮೊದಲನೆಯದು ಅಂಡರ್‌ಸ್ಟಿಯರ್, ಎರಡನೆಯದು ಓವರ್‌ಸ್ಟಿಯರ್. ಒಂದರಿಂದ ಇನ್ನೊಂದಕ್ಕೆ ಹೊರಳಲು ಕ್ಷಣವೂ ಬೇಕಿರಲಿಲ್ಲ.

ರಬ್ಬರಿನ ಲೆಕ್ಕ

ತಿರುವಿನಲ್ಲಿ ಟೈರು ತಾನು ಮುಖಮಾಡಿದ ದಿಕ್ಕಿಗೇ ನೇರವಾಗಿ ಸಾಗುವುದಿಲ್ಲ. ನೆಲಕ್ಕೆ ತಾಗಿದ ರಬ್ಬರು ಪಕ್ಕಕ್ಕೆ ತಿರುಚಿಕೊಂಡು, ಮುಖಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರ ಉಳಿಯುತ್ತದೆ. ತಿರುಗಿಸುವ ಬಲ ಹುಟ್ಟುವುದೇ ಆ ತಿರುಚುವಿಕೆಯಿಂದ. ಮುಂದಿನ ಟೈರುಗಳಲ್ಲಿ ಅಂತರ ಹೆಚ್ಚಾದರೆ ಅಂಡರ್‌ಸ್ಟಿಯರ್, ಹಿಂದಿನವುಗಳಲ್ಲಿ ಹೆಚ್ಚಾದರೆ ಓವರ್‌ಸ್ಟಿಯರ್. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನಿಯರ್ ಮಾರಿಸ್ ಓಲಿ ಮೊದಲಾದವರು ಇದನ್ನು ಅಳೆದು ನೋಡಿ ಶಾಸ್ತ್ರವಾಗಿಸಿದರು.

ಇನ್ನೆರಡು ನಿಯಮಗಳನ್ನು ತಿಳಿದರೆ 911ರ ಕಥೆಯೆಲ್ಲ ಅರ್ಥವಾಗುತ್ತದೆ. ಒಂದು, ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಹಾಗಾಗಿ ಭಾರ ಹೊತ್ತ ತುದಿಗೆ ಅದೇ ಅಳತೆಯ ಟೈರು ಸಾಲದು. ಎರಡು, ಹಿಡಿತಕ್ಕೆ ಮಿತಿಯುಂಟು. ಬ್ರೇಕು, ವೇಗ, ತಿರುವು ಮೂರೂ ಆ ಒಂದೇ ಬಂಡವಾಳದಿಂದ ಖರ್ಚಾಗಬೇಕು. ತಿರುಗಲೆಂದೇ ಪೂರ್ತಿ ಖರ್ಚಾಗಿರುವಾಗ ಬ್ರೇಕ್ ಒತ್ತಿದರೆ ಕೊಡಲು ಟೈರಿನ ಬಳಿ ಏನೂ ಉಳಿದಿರುವುದಿಲ್ಲ.

ಮೊದಲ 911ರ ನಾಲ್ಕೂ ಗಾಲಿಗಳಿಗೆ 165 ಮಿ.ಮೀ. ಅಗಲದ ಒಂದೇ ಅಳತೆಯ ಟೈರುಗಳಿದ್ದವು. ಅವು ರೇಡಿಯಲ್ ಟೈರುಗಳು. 1946ರಲ್ಲಿ ಮಿಷೆಲಿನ್ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯುತ್ತವೆ, ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಪಕ್ಕಗಳು ಬಳುಕಿದರೂ ನೆಲಕ್ಕೆ ತಾಗುವ ಭಾಗ ಸಪಾಟಾಗಿಯೇ ಕೂರುತ್ತದೆ. ಹಿಡಿತವೇನೋ ಹೆಚ್ಚಿತು. ಆದರೆ ಭಾರದ ಹಂಚಿಕೆ ಅಸಮವಾಗಿದ್ದು ಟೈರುಗಳು ಸಮವಾಗಿದ್ದಾಗ ಮೊದಲು ಸೋಲುವುದು ಹಿಂಬದಿಯೇ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಪಾಠ ನಡೆಯುತ್ತಿತ್ತು. ಷೆವರ್ಲೆ ಕೋರ್ವೇರ್ ಕಾರಿಗೂ ಹಿಂದೆಯೇ ಎಂಜಿನ್. ಅದರ ಓವರ್‌ಸ್ಟಿಯರ್ ತಡೆಯಲು ಕಂಪನಿ ನೆಚ್ಚಿಕೊಂಡದ್ದು ಗಾಳಿಯ ಒತ್ತಡವನ್ನು: ಮುಂದೆ 15 ಪಿಎಸ್‌ಐ, ಹಿಂದೆ 26. ಮುಂದಿನ ಟೈರು ಬೇಕೆಂದೇ ಮೆತ್ತಗಿದ್ದರೆ ಮುಂಭಾಗ ಮೊದಲು ಜಾರುತ್ತದೆ ಎಂಬ ಲೆಕ್ಕ. ಆದರೆ ಗಾಳಿ ಹಾಕಿಸುವಾಗ ನಾಲ್ಕಕ್ಕೂ ಸಮನಾಗಿ ಹಾಕಿಸಿದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕ ಈ ಕಾರನ್ನು ದೇಶದ ಚರ್ಚೆಯಾಗಿಸಿತು. ಓಡಿಸುವವನಿಗೆ ತಿಳಿಸದೆ ಟೈರಿನಲ್ಲಿ ಬಚ್ಚಿಟ್ಟ ಪರಿಹಾರ ಪರಿಹಾರವೇ ಅಲ್ಲ ಎಂಬುದು ಅದರಿಂದ ಕಲಿಯಬೇಕಾದ ಮಾತು.

ಕಬ್ಬಿಣದ ತುಂಡಿನಿಂದ 57 ಮಿ.ಮೀ.ಗೆ

ಪೋರ್ಷೆ ಮೊದಲು ಹಿಡಿದದ್ದು ಒರಟು ದಾರಿ. ಮುಂದಿನ ಬಂಪರಿನ ಎರಡು ತುದಿಗಳಲ್ಲಿ ತಲಾ 11 ಕಿಲೋ ತೂಕದ ಎರಕದ ಕಬ್ಬಿಣದ ತುಂಡುಗಳನ್ನು ಅಡಗಿಸಿತು. ಹಗುರಾಗಿರಬೇಕಾದ ಸ್ಪೋರ್ಟ್ಸ್ ಕಾರಿಗೆ ಬರಿಯ ಭಾರಕ್ಕೆಂದೇ ಕಬ್ಬಿಣ! ಸರಿಯಾದ ಮದ್ದು ಬಂದದ್ದು 1969ರ ಮಾದರಿಯಲ್ಲಿ. ಎಂಜಿನ್ ಇದ್ದಲ್ಲೇ ಇತ್ತು. ಹಿಂದಿನ ಗಾಲಿಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 2211 ಮಿ.ಮೀ.ನಿಂದ 2268ಕ್ಕೆ ಏರಿತು. ಗಾಲಿಯ ಆಚೆ ತೂಗುವ ಭಾರ ಅಷ್ಟು ಕಡಿಮೆಯಾಯಿತು. ಕಬ್ಬಿಣದ ತುಂಡುಗಳ ಬದಲು ಮುಂದಿನ ಮೂಲೆಗಳಲ್ಲಿ ಎರಡು ಬ್ಯಾಟರಿಗಳು ಕೂತವು. ಸುಮಾರು ಮೂರು ಬೆರಳಗಲದ ಅಂತರವಾದರೂ ಚಾಲಕನಿಗೆ ಸಿಕ್ಕ ಬಿಡುವು ದೊಡ್ಡದು. ಕಾರು ಈಗ ಜಾರುವ ಮೊದಲು ಸೂಚನೆ ಕೊಡತೊಡಗಿತು.

ಹಿಂದೆ ಅಗಲ, ಮುಂದೆ ಕಿರಿದು

ನಿರ್ಣಾಯಕ ಹೆಜ್ಜೆ 1972ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಕಂಡಿತು. ಅದು 911 ಕರೇರಾ ಆರ್‌ಎಸ್ 2.7, 210 ಅಶ್ವಶಕ್ತಿಯ ಕಾರು. ರೇಸಿನ ನಿಯಮಕ್ಕೆ ಬೇಕಿದ್ದದ್ದು 500 ಕಾರುಗಳು. ಬೇಡಿಕೆ ಎಷ್ಟಿತ್ತೆಂದರೆ ತಯಾರಾದದ್ದು 1,580. ಅದರ ಹಿಂದೆ ಬಾತುಕೋಳಿಯ ಬಾಲದಂತೆ ಎದ್ದು ನಿಂತ ಸ್ಪಾಯ್ಲರ್ ಎಲ್ಲರ ಕಣ್ಣಿಗೆ ಬಿತ್ತು. ವೇಗದಲ್ಲಿ ಹಿಂಭಾಗವನ್ನು ಮೇಲೆತ್ತುವ ಗಾಳಿಯನ್ನು ತಡೆಯುವುದು ಅದರ ಕೆಲಸ. ಅಷ್ಟಾಗಿ ಕಣ್ಣಿಗೆ ಬೀಳದ ಬದಲಾವಣೆ ಕೆಳಗಿತ್ತು: ಮುಂದೆ 185 ಮಿ.ಮೀ. ಟೈರು, ಹಿಂದೆ 215. ಭಾರ ಎಲ್ಲಿದೆಯೋ ಅಲ್ಲಿಗೆ ರಬ್ಬರು. ಹಿಂದಿನ ಟೈರುಗಳು ಸೋಲುವ ಹೊತ್ತಿಗೆ ಮುಂದಿನವು ಆಗಲೇ ಸೋತಿರುವಂತೆ ಅಗಲವನ್ನು ಹೊಂದಿಸಿದರೆ ಕಾರು ತಿರುಗಣಿಯಾಗುವ ಬದಲು ಮೂತಿಯನ್ನು ಹೊರಕ್ಕೆ ಒಯ್ದು ಎಚ್ಚರಿಸುತ್ತದೆ. ಆ ಅಸಮ ಅಳತೆಯನ್ನು 911 ಇಂದಿಗೂ ಬಿಟ್ಟಿಲ್ಲ.

1974ರಲ್ಲಿ 260 ಅಶ್ವಶಕ್ತಿಯ 911 ಟರ್ಬೊ ಬಂದಾಗ ಈ ರಬ್ಬರೂ ಸಾಲದಾಯಿತು. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಎಚ್ಚರಾಗಲು ಒಂದೆರಡು ಕ್ಷಣ ಬೇಕು, ಆಮೇಲೆ ಶಕ್ತಿಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ತಿರುವಿನ ನಡುವೆ ಅದು ಬಂದರೆ ಗಾಬರಿಯಾಗಿ ಕಾಲೆತ್ತುವುದು, ಕಾಲೆತ್ತಿದರೆ ಹಿಂಭಾಗ ಜಾರುವುದು. ಅಷ್ಟರಲ್ಲಿ ಇಟಲಿಯ ಪಿರೆಲ್ಲಿ ಕಂಪನಿ ಲಾನ್ಸಿಯಾ ಸ್ಟ್ರಾಟೋಸ್ ರ‍್ಯಾಲಿ ಕಾರಿಗಾಗಿ ಪಿ7 ಎಂಬ ಟೈರು ರೂಪಿಸಿತ್ತು. ಅದರ ಪಕ್ಕದ ಎತ್ತರ ಅಗಲದ ಅರ್ಧದಷ್ಟೇ. ಉಕ್ಕಿನ ಪಟ್ಟಿಗಳ ಮೇಲೆ ನೈಲಾನ್ ಪಟ್ಟಿಯ ಬಿಗಿ. ಪಕ್ಕ ಗಿಡ್ಡವಾದಷ್ಟೂ ಬಳುಕು ಕಡಿಮೆ. ಸ್ಟಿಯರಿಂಗಿನ ಮಾತನ್ನು ಟೈರು ತಡಮಾಡದೆ ಕೇಳುತ್ತದೆ. ಕೆಲವೇ ವರ್ಷಗಳಲ್ಲಿ ಟರ್ಬೊ ಈ ಟೈರುಗಳನ್ನು ತೊಟ್ಟಿತು.

ಹಿಮದ ರಸ್ತೆಯ ಗುರುಗಳು

ಟೈರು ಸುಧಾರಿಸುವ ಮೊದಲೇ ಈ ಕಾರನ್ನು ಗೆಲ್ಲಿಸಿದವರಿದ್ದರು. 1968ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಬ್ರಿಟನ್ನಿನ ವಿಕ್ ಎಲ್ಫರ್ಡ್ 911ರಲ್ಲಿ ಗೆದ್ದರು. 1969 ಮತ್ತು 1970ರಲ್ಲಿ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್. ಆಲ್ಪ್ಸ್ ಬೆಟ್ಟಗಳ ಆ ರಸ್ತೆಗಳಲ್ಲಿ ಒಂದು ತಿರುವು ಒಣಗಿದ ಡಾಂಬರು, ಮುಂದಿನದು ಹಿಮಗಡ್ಡೆ. ಮೊಳೆಯ ಟೈರು ಹಾಕಿದರೆ ಒಣ ರಸ್ತೆಯಲ್ಲಿ ನಷ್ಟ, ಹಾಕದಿದ್ದರೆ ಹಿಮದಲ್ಲಿ ನಷ್ಟ. ಯಾವ ಟೈರಿನಲ್ಲಿ ಹೊರಡುವುದೆಂಬ ತೀರ್ಮಾನವೇ ಎಷ್ಟೋ ಬಾರಿ ಗೆಲುವನ್ನು ನಿಶ್ಚಯಿಸುತ್ತಿತ್ತು.

ಓಡಿಸುವ ಕ್ರಮವೂ ಬೇರೆ. ಎಲ್ಲರನ್ನು ಹೆದರಿಸುತ್ತಿದ್ದ ಕಾಲೆತ್ತುವಿಕೆಯನ್ನೇ ಈ ಚಾಲಕರು ಸಾಧನವಾಗಿಸಿಕೊಂಡರು. ನೇರ ರಸ್ತೆಯಲ್ಲೇ ಬ್ರೇಕ್ ಹಾಕಿ ಮುಗಿಸುವುದು. ಮೂತಿಯ ಮೇಲೆ ಇನ್ನೂ ಭಾರವಿರುವಾಗಲೇ ಸ್ಟಿಯರಿಂಗ್ ತಿರುಗಿಸುವುದು. ಹಿಂಭಾಗ ಎಷ್ಟು ಬೇಕೋ ಅಷ್ಟು ಹೊರಳಿದೊಡನೆ ಹದವಾಗಿ ಆಕ್ಸಿಲರೇಟರ್ ಒತ್ತಿ ಭಾರವನ್ನು ಮತ್ತೆ ಹಿಂದಕ್ಕೆ ಕೂರಿಸುವುದು. ಆಮೇಲೆ ಎಂಜಿನ್ನಿನ ತೂಕವೇ ಹಿಡಿತವಾಗಿ ಕಾರನ್ನು ಮುಂದಕ್ಕೆ ನೂಕುತ್ತದೆ. ಸಾಮಾನ್ಯ ಚಾಲಕರಿಗೆ ಇದರ ಸರಳ ರೂಪ ಒಂದೇ ಮಾತು: ನಿಧಾನವಾಗಿ ಹೊಕ್ಕು ವೇಗವಾಗಿ ಹೊರಬನ್ನಿ, ನಡುವೆ ಕಾಲೆತ್ತಬೇಡಿ. ಕಾಲೆತ್ತಲೇಬೇಕಾದರೆ ಮೆಲ್ಲಗೆ ಎತ್ತಿ.

165ರಿಂದ 305ಕ್ಕೆ

ಉಳಿದದ್ದನ್ನು ಸಸ್ಪೆನ್ಷನ್ ಮಾಡಿತು. ಕಾಲೆತ್ತಿದಾಗ ಹಳೆಯ ಹಿಂಗಾಲಿಯ ಮೂತಿ ತುಸು ಹೊರಕ್ಕೆ ತಿರುಗಿ ಜಾರುವಿಕೆಗೆ ಕುಮ್ಮಕ್ಕು ಕೊಡುತ್ತಿತ್ತು. ಪೋರ್ಷೆಯ ವೈಸಾಕ್ ಕೇಂದ್ರದ ಎಂಜಿನಿಯರುಗಳು 1977ರ 928 ಕಾರಿನಲ್ಲಿ ಅದನ್ನು ಒಳಕ್ಕೆ ತಿರುಗುವಂತೆ ಮಾಡಿದರು. ಆ ವಿಚಾರ 1993ರ 911ಕ್ಕೆ, ಹಲವು ಸರಳುಗಳ ಹೊಸ ಹಿಂಬದಿ ಸಸ್ಪೆನ್ಷನ್ನಾಗಿ ಬಂತು. 2011ರಲ್ಲಿ ವೀಲ್‌ಬೇಸ್ 2450 ಮಿ.ಮೀ. ತಲುಪಿತು. 2018ರಲ್ಲಿ ಹೊರಬಂದ ಎಂಟನೆಯ ಪೀಳಿಗೆಯ ಕರೇರಾ ಎಸ್ ಹಿಂದೆ ತೊಟ್ಟದ್ದು 305 ಮಿ.ಮೀ. ಟೈರು, ಮುಂದೆ 245. ಕಾರಿಗೆ ಒಪ್ಪುವ ಟೈರುಗಳನ್ನು ಪೋರ್ಷೆ ತಾನೇ ಪರೀಕ್ಷಿಸಿ ಅವುಗಳ ಪಕ್ಕದಲ್ಲಿ ‘ಎನ್’ ಗುರುತು ಹಾಕಿಸುತ್ತದೆ. ಅಳತೆ ಒಂದೇ ಆದರೂ ಗುರುತಿಲ್ಲದ ಟೈರು ಹಾಕಿದರೆ ಅದೇ ಕಾರು ಬೇರೆಯಾಗಿ ನಡೆದುಕೊಳ್ಳಬಹುದು ಎಂಬುದೇ ಆ ಗುರುತಿನ ಅರ್ಥ.

ಈ ಇತಿಹಾಸ ದುಬಾರಿ ಕಾರುಗಳ ಒಡೆಯರಿಗೆ ಮಾತ್ರ ಸೇರಿದ್ದಲ್ಲ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವ ನಮ್ಮ ಸಣ್ಣ ಕಾರುಗಳಿಗೂ ರಬ್ಬರಿನ ಲೆಕ್ಕ ಅದೇ. ತಿರುವು ಬರುವ ಮೊದಲೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಬ್ರೇಕನ್ನು ಥಟ್ಟನೆ ಒತ್ತಬಾರದು. ಎರಡೇ ಹೊಸ ಟೈರು ಕೊಳ್ಳುವುದಾದರೆ ಅವು ಹಿಂದಕ್ಕೆ ಹೋಗಬೇಕು. ಮುಂದೆ ಜಾರಿದರೆ ನಿಧಾನಿಸಿ ಸರಿಪಡಿಸಬಹುದು, ಹಿಂದೆ ಜಾರಿದರೆ ಸರಿಪಡಿಸುವ ಚಾಲಕರು ಕೆಲವರೇ. ಗಾಳಿಯ ಒತ್ತಡ ಬಾಗಿಲ ಬಳಿಯ ಚೀಟಿಯಲ್ಲಿದ್ದಂತೆ ಇರಲಿ. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನೂ ಓದಿ: 2319 ಎಂದಿದ್ದರೆ ಅದು ತಯಾರಾದದ್ದು 2019ರ 23ನೆಯ ವಾರ.

ಇಂದಿನ 911ರ ಗಾಲಿಗಳ ಬಳಿ ನೀರು ಚಿಮ್ಮುವ ಸದ್ದನ್ನು ಆಲಿಸುವ ಸೆನ್ಸರುಗಳಿವೆ. ರಸ್ತೆ ಒದ್ದೆಯೆಂದು ತಿಳಿದರೆ ಕಾರು ಚಾಲಕನಿಗೆ ಸೂಚನೆ ಕೊಡುತ್ತದೆ, ಮಳೆಯ ವಿಧಾನಕ್ಕೆ ಬದಲಾಯಿಸಲು ಸಲಹೆ ಮಾಡುತ್ತದೆ. ಗುಂಡಿ ತಿರುಗಿಸುವ ಕೆಲಸವನ್ನು ಮಾತ್ರ ಚಾಲಕನಿಗೇ ಬಿಟ್ಟಿದೆ. ಅರವತ್ತು ವರ್ಷಗಳ ಈ ಸುಧಾರಣೆಯಲ್ಲಿ ನನಗೆ ಅತ್ಯಂತ ಸರಿಯೆನಿಸುವುದು ಆ ತೀರ್ಮಾನವೇ. ಯಾವ ಎಲೆಕ್ಟ್ರಾನಿಕ್ಸೂ ಟೈರಿನಲ್ಲಿಲ್ಲದ ಹಿಡಿತವನ್ನು ಹುಟ್ಟಿಸಲಾರದು. ಇರುವುದೆಷ್ಟು ಎಂದು ಅರಿತು, ತಿರುವಿಗೆ ಮೊದಲೇ ಅದಕ್ಕೆ ತಕ್ಕ ವೇಗವನ್ನು ಆರಿಸಿಕೊಳ್ಳುವುದು ಚಾಲಕನ ಹೊಣೆ.